ಪರಸ್ಥಾನದ ಚೀಲ

ಸೀತಮ್ಮನಿಗೆ ಮೊದಲು ಅನುಮಾನ ಬಂದದ್ದು ಕಾಫಿಯ ಮೇಲೆ. ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಜಯನಗರದ ಸ್ವಂತ ಮನೆಗೆ ಬಂದ ಮೇಲೆ ಆ ಅಡುಗೆಮನೆಯಲ್ಲಿ ಏನೇನೋ ಹೆಚ್ಚುಕಮ್ಮಿಯಾಗಿತ್ತು. ನಲ್ಲಿ ನೀರು ಕೈಕೊಟ್ಟದ್ದುಂಟು, ಸಿದ್ದಾಪುರದ ಹಾಲಿನವಳು ಕೈಕೊಟ್ಟದ್ದುಂಟು. ಕಾಫಿ ಮಾತ್ರ ಒಂದು ದಿನವೂ ಕೆಟ್ಟಿರಲಿಲ್ಲ. ಐವತ್ತೆಂಟನೆಯ ಇಸವಿಯ ಆ ಬೇಸಿಗೆಯಲ್ಲಿ ಅದೂ ಕೆಟ್ಟಿತು. ಲೋಟ ತುಟಿಗಿಟ್ಟರೆ ಬರೀ ಚಿಕೋರಿ.

"ಏನೇ ಕಾತ್ಯಾಯಿನಿ, ಇದು ಕಾಫೀನೋ ಕಷಾಯಾನೋ?"

"ಅದೇ ಅಂಗಡಿದು ಅತ್ತೆ."

"ಅದೇ ಅಂಗಡಿದು ಅಂತ ನಂಗೂ ಗೊತ್ತು. ಅದೇ ಪುಡೀನಾ ಅಂತ ಕೇಳ್ತಿರೋದು."

ಸೊಸೆ ಉತ್ತರ ಕೊಡಲಿಲ್ಲ. ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೋದಳು. ಉತ್ತರ ಕೊಡದ ಸೊಸೆಯನ್ನು ಕಂಡರೆ ಸೀತಮ್ಮನಿಗೆ ಮೈಯೆಲ್ಲ ಉರಿ. ಎದುರು ಮಾತಾಡುವವಳನ್ನಾದರೂ ಬೈದು ಹಗುರಾಗಬಹುದು. ಇಂಥವಳನ್ನು ಏನು ಮಾಡುವುದು? ದಿನಸಿಗೆಂದು ಕೊಟ್ಟ ದುಡ್ಡಿನಲ್ಲಿ ಇವಳು ಏನೋ ಉಳಿಸುತ್ತಿದ್ದಾಳೆ, ತವರಿಗೆ ಸಾಗಿಸುತ್ತಿದ್ದಾಳೆ ಎಂದು ಅವಳು ಅಂದೇ ತೀರ್ಮಾನ ಮಾಡಿಬಿಟ್ಟಳು. ಹಜಾರದಲ್ಲಿ ಕೂತು ಪೇಪರು ಓದುತ್ತಿದ್ದ ಗಂಡ ವೆಂಕಟಾಚಲಯ್ಯನವರಿಗೂ ಅದನ್ನೇ ಹೇಳಿದಳು.

"ಕಂಡಿದ್ದೀಯಾ ಕಣ್ಣಾರೆ?" ಎಂದರು ಅವರು. ಕಂದಾಯ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸುಳ್ಳು ಎಂಬುದನ್ನು ತಾವೂ ಆಡರು, ಬೇರೆಯವರು ಆಡಿದರೂ ಬಿಡರು.

"ಕಾಣೋದೇನು ಬಂತು? ಕುಡಿದ್ರೆ ಗೊತ್ತಾಗಲ್ವೇ?"

ಆ ಹೊತ್ತಿಗೆ ಮಗ ಶಾಮಣ್ಣನ ಕೊಲಂಬೋ ಪ್ರಯಾಣ ನಿಶ್ಚಯವಾಗಿತ್ತು. ಯಂತ್ರ ತಯಾರಿಸುವ ಒಂದು ಕಂಪನಿಯಲ್ಲಿ ಅವನದು ನಕ್ಷೆ ಬರೆಯುವ ಕೆಲಸ. ಅಲ್ಲಿನ ಒಂದು ಮಿಲ್ಲಿಗೆ ಹೊಸ ಯಂತ್ರಗಳನ್ನು ಕೂರಿಸುವಾಗ ನಕ್ಷೆ ಬರೆಯಲು ಇವನೇ ಬೇಕೆಂದು ಕಂಪನಿಯವರು ಆರಿಸಿದ್ದರು. ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು ಸೀತಮ್ಮ. ಕಂಪನಿಯವರೇ ಖರ್ಚು ಹಾಕಿ ಅವನಿಗೆ ಪ್ರಯಾಣದ ಇನ್ಶೂರೆನ್ಸ್ ಮಾಡಿಸಿದ್ದರು. ಮಾಡಿಸಿಕೊಟ್ಟ ಏಜೆಂಟ್ ಗುಂಡಣ್ಣ ಸೀತಮ್ಮನಿಗೆ ತಾಯಿಯ ಕಡೆಯಿಂದ ದೂರದ ನೆಂಟ.

ರೈಲು ಶನಿವಾರ. ಪಂಚಾಂಗ ತೆಗೆದು ನೋಡಿದರೆ ಆ ದಿನದ ನಕ್ಷತ್ರ ಶಾಮಣ್ಣನಿಗೆ ಸುತರಾಂ ಆಗದು. ಪಂಚಾಂಗ ನೋಡಿಕೊಂಡು ರೈಲು ಹೊರಡುತ್ತದೆಯೇ? ಅದಕ್ಕೂ ಹಿರಿಯರು ಒಂದು ದಾರಿ ಮಾಡಿಟ್ಟಿದ್ದರು, ಪರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ಯಾವಾಗ ಬೇಕಾದರೂ ಹೊರಟು, ಹೋಗುವಾಗ ಆ ಚೀಲ ಎತ್ತಿಕೊಂಡರೆ ಸರಿ. ಒಂದೇ ಕಟ್ಟಳೆ: ಇಟ್ಟ ಚೀಲ ಮತ್ತೆ ಮನೆಯ ಹೊಸ್ತಿಲು ದಾಟಿ ಒಳಗೆ ಬರಕೂಡದು. ಬಂದರೆ ಹೋದವನಿಗೆ ಕೇಡು.

ಬುಧವಾರ ಬೆಳಿಗ್ಗೆ ಅಮೃತಗಳಿಗೆಯಲ್ಲಿ ಸೀತಮ್ಮ ಖಾಕಿ ಚೀಲಕ್ಕೆ ಎರಡು ಅಂಗಿ, ಒಂದು ಪಂಚೆ, ಮಗ ತೆಗೆದಿಟ್ಟಿದ್ದ ಸಣ್ಣಪುಟ್ಟ ಸಾಮಾನು, ಅರಿಶಿನ ಬೆರೆಸಿದ ಹಿಡಿ ಅಕ್ಕಿ ಹಾಕಿ, ಮಗನ ಕೈಯಿಂದಲೇ ಹಿತ್ತಿಲ ಗೋಡೆಯಾಚೆ ಮನೆಯ ಮೀನಾಕ್ಷಮ್ಮನಲ್ಲಿ ಇಡಿಸಿದಳು. ಶನಿವಾರ ಶಾಮಣ್ಣ ಅದನ್ನೆತ್ತಿಕೊಂಡು ರೈಲು ಹತ್ತಿದ.

ಒಂದು ತಿಂಗಳೂ ಆಗಿರಲಿಲ್ಲ, ಕೊಲಂಬೋದಲ್ಲಿ ಗಲಭೆ ಎದ್ದಿತು. ಸಿಂಹಳದವರಿಗೂ ತಮಿಳರಿಗೂ ಹೊತ್ತಿಕೊಂಡದ್ದು. ಪೇಪರಿನಲ್ಲಿ ದಿನಾ ಬೆಂಕಿ, ದಿನಾ ಕರ್ಫ್ಯೂ. ವೆಂಕಟಾಚಲಯ್ಯನವರು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದರು. ಆಮೇಲೆ ತಂತಿ ಬಂತು. ಜೂನ್ ನಡುವಿನಲ್ಲಿ ಶಾಮಣ್ಣನೇ ಬಂದ, ಬಲಗೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು.

"ಬಸ್ ನಿಲ್ಲಿಸಿದ್ರು. ಅವರ ಭಾಷೆ ಪೇಪರ್ ಕೈಗೆ ಕೊಟ್ಟು ಓದು ಅಂದ್ರು," ಎಂದ, ತಾಯಿ ತುತ್ತು ಮಾಡಿ ಬಾಯಿಗಿಡುತ್ತಿದ್ದಾಗ. "ನಾನು ಮೈಸೂರಿನೋನು, ತಮಿಳನಲ್ಲ ಅಂದೆ. ಅವರಿಗೆ ಮೈಸೂರು ಯಾವುದು, ಮಧುರೆ ಯಾವುದು? ಕಬ್ಬಿಣದ ಸಲಾಕೆ ಇತ್ತು ಒಬ್ಬನ ಕೈಲಿ."

"ಸಾಕು ಮಗನೇ, ಊಟ ಮಾಡು," ಎಂದು ಸೀತಮ್ಮ ಅತ್ತಳು.

ಬಲಗೈ ಮಣಿಕಟ್ಟಿನ ಮೂಳೆ ಪುಡಿಯಾಗಿತ್ತು. ಬೆರಳು ಮಡಿಸಲು ಬರುತ್ತಿರಲಿಲ್ಲ. ವೇಲೂರಿನ ದೊಡ್ಡಾಸ್ಪತ್ರೆಯಲ್ಲಿ ಕೈಗೆ ಆಪರೇಷನ್ ಮಾಡುತ್ತಾರೆ, ಆದರೆ ತಡ ಮಾಡಿದರೆ ಬೆರಳು ಹಾಗೇ ಮರಗಟ್ಟಿಹೋಗುತ್ತದೆ ಎಂದರು ಇಲ್ಲಿನ ಡಾಕ್ಟರು. ನಕ್ಷೆ ಬರೆಯುವ ಕೈ ಅದು. ಕಂಪನಿಯವರೂ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: ಕೈ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ವೇಲೂರಿನ ಖರ್ಚನ್ನು ವೆಂಕಟಾಚಲಯ್ಯನವರ ಪಿಂಚಣಿ ತಡೆಯುವಂತಿರಲಿಲ್ಲ. ಇನ್ಶೂರೆನ್ಸ್ ಬಂದರೆ ಮಾತ್ರ ಕೈ ಉಳಿಯುತ್ತಿತ್ತು.

ಗುಂಡಣ್ಣ ಬಂದು ಮಣೆಯ ಮೇಲೆ ಕೂತ. "ಬರತ್ತೆ ಅತ್ಗೆ, ಯಾಕೆ ಬರಲ್ಲ? ಮಾಮೂಲಿ ಪಾಲಿಸೀಲಿ ದೊಂಬಿ ಗಲಭೆಗೆಲ್ಲ ಒಂದು ಕಾಸೂ ಸಿಗಲ್ಲ. ಪುಣ್ಯಕ್ಕೆ ನಿಮ್ಮ ಸೊಸೆ ಕೈಯಿಂದ ದುಡ್ಡು ಹಾಕಿ ಗಲಭೇದೂ ಸೇರಿಸಿದ್ಲು."

ಸೀತಮ್ಮನ ಕೈಯಲ್ಲಿದ್ದ ಬೀಸಣಿಗೆ ನಿಂತಿತು. "ಯಾರು ಸೇರಿಸಿದ್ದು?"

"ಕಾತ್ಯಾಯಿನಿ. ಹೊರಡೋ ಹಿಂದಿನ ದಿನ, ಶುಕ್ರವಾರ, ಆಫೀಸಿಗೇ ಬಂದು ಕಟ್ಟಿದ್ಲು. ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ. ಗುಂಡಣ್ಣ ಬೀದಿ ದಾಟುವವರೆಗೆ ಸೀತಮ್ಮ ಹಲ್ಲುಕಚ್ಚಿ ಕೂತಿದ್ದಳು. ಆಮೇಲೆ ಅಡುಗೆಮನೆಗೆ ನುಗ್ಗಿದಳು.

"ಅದಕ್ಕೇನೇ ನಮಗೆಲ್ಲ ಚಿಕೋರಿ ಕುಡಿಸಿದ್ದು?"

"ಹೂಂ ಅತ್ತೆ." ಹುರುಳಿಕಾಯಿ ಹೆಚ್ಚುತ್ತಿದ್ದ ಕಾತ್ಯಾಯಿನಿ ತಲೆ ಎತ್ತಲಿಲ್ಲ. "ಅಲ್ಲಿ ಏನೋ ಸರಿ ಇಲ್ಲ ಅಂತ ಪೇಪರಲ್ಲಿ ಬರ್ತಿತ್ತು. ಕೇಳಿದ್ರೆ ನೀವು ಬೇಡ ಅಂತೀರಿ ಅಂತ..."

"ಅಂತೀನಿ! ಯಾಕೆ ಅನ್ನಲ್ಲ? ಗಂಡ ಮನೆ ಬಿಡೋಕ್ಕೆ ಮುಂಚೆ ಅವನಿಗೆ ಏಟು ಬಿದ್ರೆ ಎಷ್ಟು ಬರತ್ತೆ ಅಂತ ಲೆಕ್ಕ ಹಾಕಿದೋಳಲ್ವೇ ನೀನು! ನೀನು ಎಣಿಸಿದ್ದೇ ಆಯ್ತು ನೋಡು."

"ಅಮ್ಮ, ಆ ದುಡ್ಡಿಂದಾನೇ ನನ್ನ ಕೈ ಉಳೀಬೇಕು," ಎಂದು ಶಾಮಣ್ಣ ಹಜಾರದಿಂದ ಕೂಗಿದ.

"ನೀನು ಸುಮ್ನಿರೋ. ನಿಂಗೇನು ಗೊತ್ತು?"

ಅಲ್ಲಿಂದ ಸೀತಮ್ಮ ಸೊಸೆಯ ಮೇಲೆ ಕಣ್ಣಿಟ್ಟಳು. ಡಬ್ಬಗಳ ಮುಚ್ಚಳ ತೆಗೆದು ನೋಡಿದಳು, ಪುಟ್ಟೇನಹಳ್ಳಿಯ ಸೊಪ್ಪಿನವಳನ್ನು ತಡೆದು ನಿಲ್ಲಿಸಿ ಎಷ್ಟು ಕೊಟ್ಟಳೆಂದು ವಿಚಾರಿಸಿದಳು. ಏನೂ ಸಿಗಲಿಲ್ಲ. ಸಿಗದಿದ್ದರಿಂದ ಅನುಮಾನ ಇನ್ನೂ ಹೆಚ್ಚಿತು. ಮತ್ತೊಂದು ವಿಷಯವೂ ಇತ್ತು. ಹಿತ್ತಿಲ ಗೋಡೆಯ ಹತ್ತಿರ ಕಾತ್ಯಾಯಿನಿಯೂ ಮೀನಾಕ್ಷಮ್ಮನೂ ಪಿಸಪಿಸ ಮಾತಾಡುವರು, ಇವಳು ಬಚ್ಚಲ ಬಾಗಿಲಿಗೆ ಬಂದರೆ ಗಪ್ಪನೆ ನಿಲ್ಲಿಸುವರು. ಮೀನಾಕ್ಷಮ್ಮ "ಏನ್ ಸೀತಮ್ಮ, ಊಟ ಆಯ್ತಾ?" ಎಂದು ನಗುವಳು. ಬೆಳಿಗ್ಗೆ ಎಂಟಕ್ಕೆ ಯಾರದ್ದು ಊಟ ಆಗಿರುತ್ತದೆ!

ಜುಲೈ ಮೊದಲ ವಾರದಲ್ಲಿ ಇನ್ಶೂರೆನ್ಸ್ ಕಂಪನಿಯಿಂದ ವಿಚಾರಣೆಗೆ ಜಯದೇವಪ್ಪ ಎಂಬ ಅಧಿಕಾರಿ ಬಂದರು. ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು, ಅದು ಸೀತಮ್ಮನಿಗೆ ಹಿಡಿಸಿತು. ಅಂದಿನ ಕಾಫಿಯನ್ನು ಅವಳೇ ನಿಂತು ಬೆರೆಸಿದಳು. ಶಾಮಣ್ಣನನ್ನು ಏನೇನೋ ಕೇಳಿ ಬರೆದುಕೊಂಡ ಮೇಲೆ ಅವರು ಲೋಕಾಭಿರಾಮವಾಗಿ ಕೇಳಿದರು.

"ಮನೆಯಿಂದ ಯಾವತ್ತು ಹೊರಟ್ರಿ?"

ಶಾಮಣ್ಣ ಬಾಯಿ ತೆರೆಯುವುದರೊಳಗೆ ಬಾಗಿಲ ಸಂದಿಯಿಂದ ಸೀತಮ್ಮನ ದನಿ ಬಂತು. ದೊಡ್ಡ ಆಫೀಸರ ಮುಂದೆ ತಮ್ಮದು ಆಚಾರವಂತರ ಮನೆ ಎಂದು ತೋರಿಸಬೇಡವೇ?

"ಬುಧವಾರ ಬೆಳಿಗ್ಗೇನೇ ಪ್ರಯಾಣ ಶುರುವಾಯ್ತು ಸಾರ್. ಅಮೃತಗಳಿಗೆಯಲ್ಲಿ. ಕೆಟ್ಟ ದಿನ ನೋಡಿ ಕಳಿಸಿದ್ರು ಅಂತ ಯಾರೂ ಅನ್ನೋ ಹಾಗಿಲ್ಲ. ಬೇಕಾದ್ರೆ ಇವರನ್ನ ಕೇಳಿ."

"ಪರಸ್ಥಾನ ಇಟ್ಟಿದ್ದು ಬುಧವಾರ," ಎಂದರು ವೆಂಕಟಾಚಲಯ್ಯನವರು. "ಶಾಸ್ತ್ರದ ಪ್ರಕಾರ ಪ್ರಯಾಣದ ಆರಂಭ ಅದೇ."

ಒಳಗೆ ಏನೋ ಪಾತ್ರೆ ಬಿತ್ತು. ಕಾತ್ಯಾಯಿನಿಯ ಕೈಯದು. ಜಯದೇವಪ್ಪನವರು ಬರೆದುಕೊಂಡು, ಚೀಲ ಇಟ್ಟಿದ್ದ ಮನೆ ಯಾವುದೆಂದು ಕೇಳಿ, ಮೀನಾಕ್ಷಮ್ಮನ ಮನೆಗೂ ಹೋಗಿ ಬಂದರು.

ಮುಂದಿನ ವಾರ ಗುಂಡಣ್ಣ ಬಂದವನು ಈ ಸಲ ಕೂರಲೂ ಇಲ್ಲ.

"ಏನ್ ಅತ್ಗೆ, ಹಾಳು ಮಾಡಿಬಿಟ್ರಲ್ಲ! ಗಲಭೇದು ಸೇರಿಸಬೇಕಾದ್ರೆ ಪ್ರಯಾಣ ಶುರುವಾಗೋ ಮೊದಲೇ ಸೇರಿಸಬೇಕು. ಅವಳು ಕಟ್ಟಿದ್ದು ಶುಕ್ರವಾರ. ಪ್ರಯಾಣ ಬುಧವಾರ ಶುರುವಾಯ್ತು ಅಂತ ಮನೆಯವರೇ ಹೇಳಿದಾರೆ, ಕೊಡೋ ಹಾಗಿಲ್ಲ ಅಂತಿದಾರೆ ಆಫೀಸಲ್ಲಿ."

"ಅಯ್ಯೋ, ಹೊರಟಿದ್ದು ಶನಿವಾರ ಅಲ್ವೇನೋ! ರೈಲಿನ ಟಿಕೆಟ್ ಇಲ್ವೇ?"

"ಟಿಕೆಟ್ ಇದೆ. ಆದ್ರೆ ಪ್ರಯಾಣ ಅಂದ್ರೆ ಮನೆ ಬಿಟ್ಟಾಗಿಂದ ಅಂತ ಬರೆದಿದೆ. ಸಾಮಾನು ಬುಧವಾರಾನೇ ಮನೆ ಬಿಟ್ಟಿದೆ, ಮೀನಾಕ್ಷಮ್ಮನೂ ಹೌದು, ಶನಿವಾರದವರೆಗೆ ಕದಲಲಿಲ್ಲ ಅಂದಿದಾರೆ. ಕೊಡದೇ ಇರೋಕ್ಕೆ ಅವರಿಗೊಂದು ನೆಪ ಬೇಕಿತ್ತು. ನೀವೇ ಕೈಗೆ ಕೊಟ್ರಿ."

ಆ ಮಧ್ಯಾಹ್ನ ಮನೆಯಲ್ಲಿ ಒಲೆ ಉರಿಯಿತಷ್ಟೆ, ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಶಾಮಣ್ಣ ಎಡಗೈಯಲ್ಲಿ ಚಮಚ ಹಿಡಿದು ಮೊಸರನ್ನ ಕಲಸುತ್ತ ಕೂತಿದ್ದ. ಪಟ್ಟಿಯೊಳಗೆ ಬೆರಳುಗಳು ಬಾತು ನೀಲಿಯಾಗಿದ್ದವು.

"ಪರಸ್ಥಾನ ಪ್ರಯಾಣ ಅಲ್ಲ ಅಂತ ಹೇಳಿ ಅಪ್ಪ. ಬರೆದುಕೊಡಿ," ಎಂದ.

"ಅರವತ್ತೆರಡು ವರ್ಷ ನಂಬಿಕೊಂಡು ಬಂದಿದ್ದನ್ನ ಇವತ್ತು ದುಡ್ಡಿಗೋಸ್ಕರ ಅಲ್ಲ ಅನ್ನಲೇ?" ಎಂದರು ವೆಂಕಟಾಚಲಯ್ಯನವರು. ಆದರೆ ದನಿಯಲ್ಲಿ ಬಲವಿರಲಿಲ್ಲ.

ಸೀತಮ್ಮ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡಳು. ಯಾರು ಕೇಳಿದ್ದರು ನಿನ್ನನ್ನು? ಬಾಗಿಲ ಹಿಂದೆ ನಿಂತವಳು ಬಾಯಿ ಮುಚ್ಚಿಕೊಂಡು ನಿಲ್ಲಬಾರದಿತ್ತೇ? ಆದರೂ ಅವಳ ಮನಸ್ಸು ಸುತ್ತಿ ಸುತ್ತಿ ಬಂದು ಸೊಸೆಯ ಮೇಲೇ ನಿಲ್ಲುತ್ತಿತ್ತು. ಅಂದು ಪಾತ್ರೆ ಯಾಕೆ ಬಿತ್ತು? ಮೀನಾಕ್ಷಮ್ಮನ ಹತ್ತಿರ ಏನು ಗುಟ್ಟು? ಇವಳು ಏನೋ ಮುಚ್ಚಿಟ್ಟಿದ್ದಾಳೆ. ಬಟ್ಟೆ ಒಣಗಿಸುವ ನೆಪದಲ್ಲಿ ಒಂದು ದಿನ ಹಿತ್ತಿಲಿನಲ್ಲಿ ಅಡ್ಡ ಹಾಕಿ ಕೇಳಿಯೂ ಕೇಳಿದಳು.

"ಅವಳ ಹತ್ರ ಏನೇ ನಿಂದು?"

"ಏನಿಲ್ಲ ಅತ್ತೆ."

"ಏನಿಲ್ಲದೇ ಇದ್ರೆ ಯಾಕೆ ಹಾಗೆ ಬಿಳಿಚಿಕೊಳ್ತೀಯಾ?"

ಕಾತ್ಯಾಯಿನಿ ಒದ್ದೆ ಪಂಚೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು.

ಶ್ರಾವಣ ಹುಟ್ಟುವ ಹೊತ್ತಿಗೆ ಜಯದೇವಪ್ಪನವರು ಮತ್ತೆ ಬಂದರು. ಈ ಸಲ ಕಾಫಿ ಬೇಡವೆಂದರು. ಹೇಳಿಕೆ ಬರೆದು ತಂದಿದ್ದರು. ವೆಂಕಟಾಚಲಯ್ಯನವರು ಸಹಿ ಹಾಕಿದರೆ ಮುಗಿಯಿತು. ಹಾಕಿದರೆ ವೇಲೂರೂ ಮುಗಿದಂತೆಯೇ. ಅವರು ಕನ್ನಡಕ ಹಾಕಿಕೊಂಡು ಓದಿದರು, ಎಲ್ಲವೂ ನಿಜವೇ. ಪೆನ್ನು ತೆಗೆದರು.

"ಸ್ವಲ್ಪ ನಿಲ್ಲಿ ಮಾವ," ಎಂದಳು ಕಾತ್ಯಾಯಿನಿ.

ಎಂದೂ ಹಜಾರಕ್ಕೆ ಬಾರದವಳು ಬಂದು ನಿಂತಿದ್ದಳು. ಸೆರಗಿನ ತುದಿ ಮುಷ್ಟಿಯಲ್ಲಿತ್ತು.

"ಆ ಚೀಲ ಶನಿವಾರದವರೆಗೆ ಅಲ್ಲಿ ಇರಲಿಲ್ಲ. ಗುರುವಾರ ಸಂಜೇನೇ ನಾನು ವಾಪಸ್ಸು ತಂದೆ. ಇವರ ಶೇವಿಂಗ್ ಸಾಮಾನೆಲ್ಲ ಅದರಲ್ಲೇ ಸೇರಿಹೋಗಿತ್ತು. ಶುಕ್ರವಾರ ಆಫೀಸಲ್ಲಿ ದೊಡ್ಡ ಸಾಹೇಬ್ರನ್ನ ನೋಡೋಕ್ಕಿತ್ತು ಇವರಿಗೆ. ಅವರ ಮನೇಲಿ ಬಿಚ್ಚಿ ಹರಡೋದು ಬೇಡ ಅಂತ ಹಿತ್ತಿಲ ಕಡೆಯಿಂದ ತಂದು ಮಂಚದ ಕೆಳಗಿಟ್ಟೆ, ಶನಿವಾರ ಮಧ್ಯಾಹ್ನ ಮತ್ತೆ ಅಲ್ಲಿಟ್ಟೆ. ಯಾರಿಗೂ ಹೇಳಬೇಡಿ ಅಂತ ಮೀನಾಕ್ಷಮ್ಮನ ಕೈಲಿ ಆಣೆ ಹಾಕಿಸಿಕೊಂಡಿದ್ದೆ. ಶುಕ್ರವಾರ ನಾನು ದುಡ್ಡು ಕಟ್ಟೋವಾಗ ಚೀಲ ಮನೇಲೇ ಇತ್ತು. ಪ್ರಯಾಣ ಶುರುವಾಗಿರಲಿಲ್ಲ."

ಸೀತಮ್ಮ ಬಾಗಿಲ ಚೌಕಟ್ಟು ಹಿಡಿದಳು. ಚೀಲ ಒಳಗೆ ಬಂದಿತ್ತು! ಹೊಸ್ತಿಲು ದಾಟಿತ್ತು! ಮಗ ಆ ಕೆಟ್ಟ ಶನಿವಾರದಲ್ಲೇ, ಯಾವ ಕಾವಲೂ ಇಲ್ಲದೆ ಹೋಗಿದ್ದ. ಇವಳ ಜುಟ್ಟು ಹಿಡಿದು ಬೀದಿಗೆ ಎಳೆಯಬೇಕೆನ್ನುವಷ್ಟು ಸಿಟ್ಟು ಬಂತು.

ಜಯದೇವಪ್ಪನವರು ಪೆನ್ನಿನ ಟೋಪಿ ಮುಚ್ಚಿ ಸಣ್ಣಗೆ ನಕ್ಕರು.

"ನೋಡಮ್ಮ, ನಮ್ಮನೇಲೂ ಪರಸ್ಥಾನ ಇಡ್ತಾರೆ. ಇಷ್ಟು ದಿನ ಸುಮ್ಮನಿದ್ದು ಇವತ್ತು ಹೀಗೆ ಹೇಳಿದ್ರೆ ಯಾರು ನಂಬ್ತಾರೆ? ದುಡ್ಡು ಕಟ್ಟಿದೋರು ನೀವು. ಅವರ ಹೆಂಡತಿ ನೀವು. ಬರಲ್ಲ ಅಂತ ಗೊತ್ತಾದ ಮೇಲೆ ಕಥೆ ಕಟ್ಟಿದ್ದೀರಿ ಅಂತಾರೆ. ನಾನೂ ಹಾಗೇ ಬರೀಬೇಕಾಗತ್ತೆ."

"ಕಥೆ ಅಲ್ಲ ಸಾರ್," ಎಂದಳು ಕಾತ್ಯಾಯಿನಿ.

ಸೀತಮ್ಮನಿಗೆ ಗೊತ್ತಿತ್ತು, ಕಥೆಯಲ್ಲ. ಇವಳನ್ನು ಅವಳು ಎಲ್ಲದಕ್ಕೂ ಅನುಮಾನಿಸಿದ್ದಳು, ಇದೊಂದಕ್ಕೆ ಅನುಮಾನಿಸಲು ಆಗಲಿಲ್ಲ. ಅತ್ತೆಮಾವನ ಎದುರಿಗೆ ಪರಸ್ಥಾನ ಮುರಿದವಳು ನಾನೇ, ಗಂಡನ ಕೈಗೆ ಕೇಡು ತಂದವಳು ನಾನೇ ಎಂದು ಯಾವ ಸೊಸೆ ಸುಳ್ಳು ಹೇಳಿಯಾಳು? ಈ ಮಾತು ಬೀದಿಗೆ ಬಿದ್ದರೆ ಅರಿಶಿನ ಕುಂಕುಮಕ್ಕೂ ಯಾರೂ ಕರೆಯುವುದಿಲ್ಲ. ಅದು ಗೊತ್ತಿದ್ದೂ ಬಂದು ನಿಂತಿದ್ದಾಳೆ. ಮತ್ತು ಈ ಮನುಷ್ಯ ನಂಬುತ್ತಿಲ್ಲ. ಅಲ್ಲಿ ಶಾಮಣ್ಣ ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

ಸೀತಮ್ಮ ಬಾಗಿಲು ಬಿಟ್ಟು ಹೊರಗೆ ಬಂದಳು.

"ಅವಳು ಹೇಳೋದರಲ್ಲಿ ಒಂದು ಸುಳ್ಳಿದೆ ಸಾರ್. ಚೀಲ ತಂದಿದ್ದು ಅವಳಲ್ಲ. ನಾನು."

"ನೀನಾ?" ವೆಂಕಟಾಚಲಯ್ಯನವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ನಾನೇ. ಮಗ ಗಡ್ಡ ಬಿಟ್ಕೊಂಡು ಸಾಹೇಬ್ರ ಮುಂದೆ ನಿಲ್ಲೋದು ಬೇಡ ಅಂತ ತಂದೆ. ಆಮೇಲೆ ಹೇಳ್ಕೊಳ್ಳೋಕ್ಕೆ ನಾಚಿಕೆ ಆಯ್ತು. ಎಲ್ಲರಿಗೂ ಶಾಸ್ತ್ರ ಹೇಳೋಳು ನಾನು. ಅವತ್ತು ನಿಮ್ಮ ಮುಂದೆ ಬುಧವಾರ ಅಂತ ಜಂಬ ಕೊಚ್ಚಿಕೊಂಡಿದ್ದೂ ಅದಕ್ಕೇ. ಈ ಹುಚ್ಚಿ ನನ್ನ ಮಾನ ಉಳಿಸೋಕ್ಕೆ ತನ್ನ ತಲೆ ಮೇಲೆ ಹಾಕ್ಕೋತಿದಾಳೆ." ಹಿತ್ತಿಲ ಕಡೆ ತಿರುಗಿ ಕೂಗಿದಳು: "ಮೀನಾಕ್ಷಮ್ಮ! ಸ್ವಲ್ಪ ಬನ್ನಿ ಇಲ್ಲಿ!"

ಗೋಡೆಯಾಚೆ ಕಿವಿಗೊಟ್ಟುಕೊಂಡೇ ಇದ್ದ ಮೀನಾಕ್ಷಮ್ಮ ಓಡಿ ಬಂದಳು.

"ಗುರುವಾರ ಸಂಜೆ ನಾನು ಬಂದು ಚೀಲ ತಗೊಂಡು ಹೋಗಿದ್ದನ್ನ ಸಾಹೇಬ್ರಿಗೆ ಹೇಳಿಬಿಡಿ. ಆಣೆ ಗೀಣೆ ಏನೂ ಇಟ್ಕೋಬೇಡಿ, ನಾನೇ ಬಿಡಿಸ್ತಿದೀನಿ," ಎಂದಳು ಸೀತಮ್ಮ, ಅವಳ ಕಣ್ಣನ್ನೇ ನೋಡುತ್ತ.

ಮೀನಾಕ್ಷಮ್ಮ ಅತ್ತೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಹೌದು ಸಾರ್. ಗುರುವಾರಾನೇ ಹೋಯ್ತು ಚೀಲ. ಸೀತಮ್ಮನೇ... ಅವರೇ ಬಂದಿದ್ರು. ನಾನು ಮೊದಲು ಹೇಳಬೇಕಿತ್ತು, ತಪ್ಪಾಯ್ತು."

ಜಯದೇವಪ್ಪನವರು ಬಹಳ ಹೊತ್ತು ಸೀತಮ್ಮನ ಮುಖ ನೋಡಿದರು. ಮಡಿಸೀರೆ, ಕಾಸಿನಗಲ ಕುಂಕುಮ, ಬಾಗಿಲ ಹಿಂದಿನಿಂದಲೇ ಮಾತಾಡುತ್ತಿದ್ದ ಹೆಂಗಸು. ಆಮೇಲೆ ಹಳೆಯ ಹೇಳಿಕೆಯನ್ನು ಮಡಿಸಿಟ್ಟು ಹೊಸ ಕಾಗದ ತೆಗೆದರು.

"ನೀವು ಹೇಳಿದ್ಮೇಲೆ ಮುಗೀತಮ್ಮ. ಬರೆದುಕೊಳ್ತೀನಿ, ರುಜು ಹಾಕಿ. ವೇಲೂರಿಗೆ ಹೊರಡೋ ಏರ್ಪಾಡು ಮಾಡ್ಕೊಳ್ಳಿ."

ಅವರು ಹೋದ ಮೇಲೆ ಕಾತ್ಯಾಯಿನಿ ಅಡುಗೆಮನೆಯಲ್ಲಿ ಅತ್ತೆಯ ಕಾಲಿಗೆ ಬೀಳಲು ಬಗ್ಗಿದಳು. ಸೀತಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ಬೇಡ. ನಿನ್ನ ಮೇಲಿನ ಕೋಪ ಹೋಗಿದೆ ಅಂದ್ಕೋಬೇಡ. ಅವನ ಕೈ ನೋಡಿದಾಗೆಲ್ಲ ನಂಗೆ ಹೊಟ್ಟೇಲಿ ಬೆಂಕಿ ಬೀಳತ್ತೆ. ಅದು ನಿಂಗೂ ನಂಗೂ ಮಾತ್ರ. ಹೊರಗೆ ಒಂದು ಅಕ್ಷರ ಬಾಯಿಬಿಟ್ಟೆಯೋ, ನೋಡು."

"ಜನ ನಿಮ್ಮನ್ನ ಅಂತಾರಲ್ಲ ಅತ್ತೆ."

"ಅನ್ನಲಿ. ನೀನಿನ್ನೂ ಈ ಬೀದೀಲಿ ಬಹಳ ವರ್ಷ ಬಾಳಬೇಕು. ಎಲೆ ಹಾಕು."

ಎಲೆ ಹಾಕಿದಳು. ಹುಳಿ, ಪಲ್ಯ, ಅನ್ನ ಬಡಿಸಿದಳು. ವೆಂಕಟಾಚಲಯ್ಯನವರು ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿ ಕೈಯನ್ನು ಎಲೆಯ ಪಕ್ಕದಲ್ಲೇ ಇಟ್ಟುಕೊಂಡು ಕೂತರು.

"ಜನ್ಮವೆಲ್ಲ ಮಡಿ, ಶಾಸ್ತ್ರ ಅಂತ ನಮ್ಮನ್ನ ಅರೆದೆ," ಎಂದರು ಕೊನೆಗೆ. "ಹೆತ್ತ ಮಗನ ಪರಸ್ಥಾನಾನ ನೀನೇ ಕೆಡಿಸಿದ್ಯಾ? ಅವನ ಕೈ ಯಾರಿಂದ ಹೋಯ್ತು ಅಂತ ಇನ್ನು ಯಾರನ್ನ ಕೇಳೋದು?"

ಮಗನ ಕೈಗೆ ಕೇಡು ಬಂದದ್ದು ಆ ಚೀಲದಿಂದಲೇ ಎಂದು ಸೀತಮ್ಮನೂ ನಂಬಿದ್ದಳು. ಆ ಪಾಪ ಇನ್ನು ತನ್ನ ಹೆಸರಿನಲ್ಲಿ ಇರುತ್ತದೆ, ಈ ಮನುಷ್ಯ ಸಾಯುವವರೆಗೂ ಅದನ್ನು ಮರೆಯುವುದಿಲ್ಲ.

ಶಾಮಣ್ಣ ಎಲೆಯಿಂದ ತಲೆ ಎತ್ತಿದ. ಶೇವಿಂಗ್ ಸಾಮಾನು ಬೇಕೆಂದು ಹೆಂಡತಿಯನ್ನು ಹಿತ್ತಿಲಿಂದ ಕಳಿಸಿದವನು ಅವನೇ. "ಅಪ್ಪ, ಅಮ್ಮ ಅಲ್ಲ..."

"ಮಾವ, ಅದು..." ಎಂದಳು ಕಾತ್ಯಾಯಿನಿಯೂ.

"ಕಾತ್ಯಾಯಿನಿ, ನಿಮ್ಮ ಮಾವನ ಎಲೆಗೆ ತುಪ್ಪ ಬಿದ್ದಿಲ್ಲ ನೋಡು," ಎಂದಳು ಸೀತಮ್ಮ. ಮಗನ ಕಡೆ ತಿರುಗಿ, "ನೀನು ಊಟ ಮಾಡೋ."

ವೆಂಕಟಾಚಲಯ್ಯನವರು ಹೆಂಡತಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. "ನನ್ನ ಮುಖ ನೋಡಿ ಹೇಳು. ನೀನೇ ತಾನೆ ತಂದಿದ್ದು?"

"ಹೂಂ, ನಾನೇ," ಎಂದಳು ಸೀತಮ್ಮ. "ಅನ್ನ ಆರಿಹೋಗತ್ತೆ, ಊಟ ಮಾಡಿ."